ವ್ಯಾಲೆಂಟಿನೊ ಬಳಸಿದ ವಸ್ತು ಕೊಳ್ಳುವ ಮೊದಲು: ಗೆಳೆಯನಿಗೊಂದು ಪತ್ರ

ಮಡಿಕೇರಿ

ಪ್ರಿಯ ಬೋಪಣ್ಣ,

ಹಾಲಿವುಡ್ ಮೂಕಿ ಚಿತ್ರಗಳ ತಾರೆ ರುಡಾಲ್ಫ್ ವ್ಯಾಲೆಂಟಿನೊ ಬಳಸಿದ್ದು ಅಂತ ಮಾರಾಟಕ್ಕಿರುವ ಮೂರು ವಸ್ತುಗಳ ಫೋಟೋ ನೋಡಿದೆ. ರೇಷ್ಮೆಯ ನಿಲುವಂಗಿ, ದಂತದ ಬಣ್ಣದ ಹಿಡಿಯಿರುವ ಹೇರ್ ಬ್ರಷ್, ಸಹಿಯಿರುವ ಭಾವಚಿತ್ರ. ಮುಂಗಡ ಕಳಿಸಿಬಿಡಲೇ ಎಂದು ಕೇಳಿದ್ದೀಯ. ಬೇಡ ಮಾರಾಯ, ಸ್ವಲ್ಪ ತಡೆ. ಮೊದಲು ಆ ವಸ್ತುಗಳ ಹಿಂದಿನ ಕಾಗದಪತ್ರ ತರಿಸಿಕೋ. ಅದು ಬರುವಷ್ಟರಲ್ಲಿ ಅವನ್ನು ಇಡುವ ಜಾಗ ಸಿದ್ಧ ಮಾಡು. ಲಾಸ್ ಏಂಜಲೀಸಿನ ಒಣ ಹವೆಯಲ್ಲಿ ನೂರು ವರ್ಷ ಉಳಿದ ರೇಷ್ಮೆಗೆ ಬೂಸ್ಟು ಹಿಡಿಯಲು ನಮ್ಮ ಕೊಡಗಿನ ಮಳೆಗಾಲದ ಒಂದು ಕಕ್ಕಡ ತಿಂಗಳು ಸಾಕು.

ವ್ಯಾಲೆಂಟಿನೊ ವಿಷಯದಲ್ಲಿ ಸಂಗ್ರಹಕಾರರಿಗೆ ಒಂದು ದೊಡ್ಡ ಅನುಕೂಲವಿದೆ. ಅವನು 1926ರ ಆಗಸ್ಟ್ 23ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಅವನಿಗೆ 31 ವರ್ಷ, ತಲೆಯ ಮೇಲೆ ಬೇಕಾದಷ್ಟು ಸಾಲ. ಅವನ ಮ್ಯಾನೇಜರ್ ಜಾರ್ಜ್ ಉಲ್‌ಮನ್ ಆಸ್ತಿಯ ಉಸ್ತುವಾರಿ ವಹಿಸಿಕೊಂಡ. ಅದೇ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ ಅವನ ಸಾಮಾನು ಸರಂಜಾಮೆಲ್ಲ ಹರಾಜಾಯಿತು. ಆ ಹರಾಜಿಗೆ ಅಚ್ಚಾದ ಕ್ಯಾಟಲಾಗ್ ಇತ್ತು, ಪ್ರತಿ ವಸ್ತುವಿಗೂ ಲಾಟ್ ಸಂಖ್ಯೆ ಇತ್ತು. ಹಾಗಾಗಿ ನೀನು ಕೇಳಬೇಕಾದ ಮೊದಲ ಪ್ರಶ್ನೆ: ಇದು 1926ರ ಹರಾಜಿನದೇ? ಹೌದಾದರೆ ಲಾಟ್ ಸಂಖ್ಯೆ ಎಷ್ಟು? ಸಂಖ್ಯೆ ಕೊಟ್ಟ ಮಾತ್ರಕ್ಕೆ ನಂಬಬೇಡ. ಕ್ಯಾಟಲಾಗಿನ ವಿವರ ಚುಟುಕಾಗಿರುತ್ತದೆ, ‘ರೇಷ್ಮೆ ನಿಲುವಂಗಿ’ ಎಂಬ ಒಂದು ಸಾಲಿಗೆ ಆ ಕಾಲದ ಸಾವಿರ ನಿಲುವಂಗಿಗಳು ಹೊಂದುತ್ತವೆ. ಕ್ಯಾಟಲಾಗಿನ ಸಾಲು, ಅದರ ಜೊತೆ ಹರಾಜಿನ ರಸೀದಿ ಅಥವಾ ವಸ್ತುವಿಗೆ ಕಟ್ಟಿದ ಚೀಟಿ, ಅಲ್ಲಿಂದ ಇವತ್ತಿನವರೆಗೆ ಯಾರಿಂದ ಯಾರ ಕೈಗೆ ಯಾವ ವರ್ಷ ಹೋಯಿತು ಎಂಬ ಪಟ್ಟಿ, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಪಟ್ಟಿಯಲ್ಲಿ ಮೂವತ್ತು ವರ್ಷದ ತೂತಿದ್ದರೆ ಬೆಲೆ ಅಷ್ಟರಮಟ್ಟಿಗೆ ಇಳಿಯಲೇಬೇಕು.

ಇದಕ್ಕೆ ವಿರುದ್ಧದ ತೊಡಕೂ ಅವನ ಸಾವಿನ ಜೊತೆಗೇ ಬಂದದ್ದು. ನ್ಯೂಯಾರ್ಕಿನಲ್ಲಿ ಶವ ಇಟ್ಟಿದ್ದ ಕಡೆ ಜನ ಮುಗಿಬಿದ್ದು ಕಿಟಕಿ ಗಾಜು ಒಡೆದರು. ಆಮೇಲೆ ‘ಆ ದಿನ ಅಜ್ಜಿ ತಂದಿಟ್ಟುಕೊಂಡದ್ದು’ ಎಂಬ ಮಾತಿನೊಂದಿಗೆ ಬರುವ ಗುಂಡಿ, ಕರವಸ್ತ್ರ, ಹೂವಿನ ಎಸಳುಗಳಿಗೆ ಕೊನೆಯೇ ಇಲ್ಲ. ಅಂಥದ್ದನ್ನು ಯಾವ ಬೆಲೆಗೂ ಮುಟ್ಟಬೇಡ. ‘ಅಸಲಿ ಪ್ರಮಾಣಪತ್ರ’ ಅಂತ ಮಾರುವವನೇ ಅಚ್ಚು ಹಾಕಿಸಿ ಕೊಡುವ ಬಣ್ಣದ ಹಾಳೆಗೂ ಬೆಲೆ ಇಲ್ಲ. ಸಹಿ ಹಾಕಿದವರು ಯಾರು, ಯಾವ ಆಧಾರದ ಮೇಲೆ ಹೇಳುತ್ತಿದ್ದಾರೆ ಎಂದು ಬರೆದಿಲ್ಲದಿದ್ದರೆ ಅದು ಬರೀ ರಟ್ಟು.

ಫೋಟೋ ಹೋಲಿಕೆ ಇನ್ನೊಂದು ದಾರಿ. ‘ದಿ ಸನ್ ಆಫ್ ದಿ ಶೇಖ್’ ಚಿತ್ರದಲ್ಲಿ ಅವನು ಅರಬ್ ವೇಷದಲ್ಲೂ ತನ್ನ ಸ್ವಂತ ಕಾರ್ಟಿಯೇ ಟ್ಯಾಂಕ್ ಕೈಗಡಿಯಾರ ಕಟ್ಟಿಕೊಂಡೇ ಇದ್ದಾನೆ. ಸ್ವಂತ ವಸ್ತು ತೆರೆಯ ಮೇಲೆ ಕಾಣಿಸುವುದು ಹೀಗೆ. ಆದರೆ ‘ಅದೇ ಥರದ್ದು’ ಬೇರೆ, ‘ಅದೇ’ ಬೇರೆ. ಕಾರ್ಖಾನೆಯಲ್ಲಿ ತಯಾರಾದದ್ದರಲ್ಲಿ ಆಕಾರ ಹೊಂದಿದರೆ ಏನೂ ಸಿದ್ಧವಾಗುವುದಿಲ್ಲ. ಗೀರು, ನೂಲಿನ ಓರೆ, ಮರದ ಎಳೆ, ಬಟ್ಟೆಯ ಪಟ್ಟಿ ಹೊಲಿಗೆಯಲ್ಲಿ ಕೂಡುವ ರೀತಿ, ಇಂಥ ಒಂದಕ್ಕೇ ಮೀಸಲಾದ ಗುರುತು ಎರಡು ಮೂರಾದರೂ ಸಿಗಬೇಕು.

ಈಗ ನಿನ್ನ ಭಾವಚಿತ್ರ. ಆ ಕಾಲದ ತಾರೆಯರಿಗೆ ಬರುತ್ತಿದ್ದ ಪತ್ರಗಳ ರಾಶಿಗೆ ಉತ್ತರಿಸುತ್ತಿದ್ದವರು ಕಾರ್ಯದರ್ಶಿಗಳು. ಎಷ್ಟೋ ಫೋಟೋಗಳ ಮೇಲೆ ಸಹಿ ಹಾಕಿದವರೂ ಅವರೇ. ಕೆಲವದರಲ್ಲಿ ಸಹಿ ನೆಗೆಟಿವ್‌ನಲ್ಲೇ ಇದ್ದು ಫೋಟೋದ ಜೊತೆ ಮುದ್ರಿತವಾಗಿರುತ್ತದೆ, ಕೆಲವು ರಬ್ಬರ್ ಸ್ಟಾಂಪ್. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ನೋಡಿದರೆ ಫೌಂಟನ್ ಪೆನ್ನಿನ ಸೀಳಿದ ನಿಬ್ಬು ಒತ್ತಿದ ಕಡೆಯಲ್ಲಿ ಗೆರೆಯ ಎರಡೂ ಅಂಚು ಕಡುವಾಗಿ, ನಡುಭಾಗ ತುಸು ತಿಳಿಯಾಗಿ ಕಾಣುತ್ತದೆ. ಗೆರೆ ಮೇಲೇಳುವ ಕಡೆ ಶಾಯಿ ತೆಳುವಾಗುತ್ತದೆ. ಸ್ಟಾಂಪಿನ ಶಾಯಿಗೆ ಈ ಏರಿಳಿತವಿಲ್ಲ. ಫೋಟೋವನ್ನು ಓರೆ ಬೆಳಕಿಗೆ ಹಿಡಿದಾಗ ಸಹಿ ಮೇಲ್ಮೈಯ ಮೇಲೆ ಕೂತಂತೆ ಕಾಣದಿದ್ದರೆ ಅದು ಮುದ್ರಿತವಾದದ್ದು. ಬಾಲ್‌ಪಾಯಿಂಟ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದು 1945ರಲ್ಲಿ. ಆ ಗೆರೆ ಕಂಡರೆ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ 365 ನ್ಯಾನೊಮೀಟರಿನ ಯುವಿ ಟಾರ್ಚ್ ಬಿಡು. ಕಾಗದ ನೀಲಿಬಿಳಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕವಿದೆ, ಅದು 1920ರ ದಶಕದ ಕಾಗದವಲ್ಲ. ಕೈಬರಹ ಹೋಲಿಸುವಾಗ ಬೇರೆ ಅಭಿಮಾನಿ ಫೋಟೋಗಳ ಜೊತೆ ಹೋಲಿಸಿ ಪ್ರಯೋಜನವಿಲ್ಲ, ಅವೂ ಕಾರ್ಯದರ್ಶಿಯದೇ ಆಗಿರಬಹುದು. ಕರಾರು, ಚೆಕ್ಕು, ಸರ್ಕಾರಿ ಅರ್ಜಿಯ ಸಹಿಯೊಂದಿಗೆ ಹೋಲಿಸು. ಹುಟ್ಟುಹೆಸರು ಗುಗ್ಲಿಯೆಲ್ಮಿ, 1921ಕ್ಕೂ ಮೊದಲಿನ ಚಿತ್ರಗಳಲ್ಲಿ ಅವನ ಹೆಸರು ಒಂದೊಂದರಲ್ಲಿ ಒಂದೊಂದು ಥರ ಇದೆ. ಅದಕ್ಕೂ ಹಿಂದಿನದೆಂದು ಹೇಳುವ ವಸ್ತುವಿನ ಮೇಲೆ ಆಮೇಲಿನ ಪ್ರಸಿದ್ಧ ಹೆಸರು ನೀಟಾಗಿ ಕೂತಿದ್ದರೆ ಅನುಮಾನಿಸು.

ನಿಲುವಂಗಿಯಲ್ಲಿ ನೋಡಬೇಕಾದದ್ದು ಒಳಭಾಗ. ಹೊಲಿಸಿದ ಅಂಗಡಿಯ ಹೆಸರಿನ ಬಟ್ಟೆ ಪಟ್ಟಿ (ಲೇಬಲ್), ಗಿರಾಕಿಯ ಹೆಸರು, ತಾರೀಖು, ಲಾಂಡ್ರಿ ಗುರುತು ಎಲ್ಲ ಅಲ್ಲೇ. ವೆಸ್ಟರ್ನ್ ಕಾಸ್ಟ್ಯೂಮ್ ಕಂಪನಿಯ ಪಟ್ಟಿಯಿದ್ದರೆ ಅದು ಬಾಡಿಗೆ ವೇಷ, ಸ್ವಂತ ಬಟ್ಟೆಯಲ್ಲ. ಅದಕ್ಕೂ ಬೆಲೆಯಿದೆ, ಆದರೆ ಅದು ಬೇರೆ ಬೆಲೆ, ಬೇರೆ ಮಾತು. ‘ಆರ್.ವಿ.’ ಎಂಬ ಕಸೂತಿ ಒಂದರಿಂದಲೇ ಏನೂ ಹೇಳಲಾಗದು. ಹೊಲಿಗೆಯ ನೂಲು ಮುಖ್ಯ. ಅದಾಗಿಯೇ ಕಳಚಿ ಬಂದ ಎಳೆಯಿದ್ದರೆ ಅದರ ತುದಿಯನ್ನು ಬಟ್ಟೆಯಿಂದ ದೂರ ಒಯ್ದು ಸುಡು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಕಾಗದದ ಹಾಗೆ ಉರಿಯುತ್ತದೆ, ಅದು ಆ ಕಾಲಕ್ಕೆ ಸಲ್ಲುತ್ತದೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಅವೆರಡೂ ವ್ಯಾಲೆಂಟಿನೊ ಸತ್ತ ಮೇಲೆ ಬಂದದ್ದು. ಒಂದು ಎಚ್ಚರ: ಬಟ್ಟೆ ಯುವಿ ಬೆಳಕಿಗೆ ಹೊಳೆದರೆ ನಕಲಿ ಎಂದು ತಕ್ಷಣ ತೀರ್ಮಾನಿಸಬೇಡ. ಇತ್ತೀಚಿನ ಡಿಟರ್ಜೆಂಟಿನಲ್ಲಿ ಯಾರೋ ಒಗೆದಿದ್ದರೂ ಹೊಳೆಯುತ್ತದೆ.

ಆ ಕಾಲದ ರೇಷ್ಮೆಗೆ ತೂಕ ಬರಲೆಂದು ತವರದ ಲವಣ ಕುಡಿಸುತ್ತಿದ್ದರು. ಅದರಿಂದಲೇ ಮಡಿಕೆಯ ಗುಂಟ ಬಟ್ಟೆ ಉದ್ದುದ್ದ ಸೀಳುತ್ತದೆ. ಇದು ತಾನಾಗಿ ನಿಲ್ಲುವುದೂ ಇಲ್ಲ, ಹಿಂದಕ್ಕೆ ಹೋಗುವುದೂ ಇಲ್ಲ. ಸೀಳು ಶುರುವಾಗಿದ್ದರೆ ಫೋಟೋದಲ್ಲಿ ಕಾಣುವುದಕ್ಕಿಂತ ಸ್ಥಿತಿ ಕೆಟ್ಟಿದೆ ಅಂತ ಲೆಕ್ಕ ಹಾಕು. ಹ್ಯಾಂಗರಿಗೆ ಯಾವತ್ತೂ ಹಾಕಬೇಡ.

ನಾನು ಹೆಚ್ಚು ಹೆದರುವುದು ಬ್ರಷ್ಷಿಗೆ. ಹಿಡಿ ನಿಜವಾದ ದಂತವಾದರೆ ಅಡ್ಡಕ್ಕೆ ಕತ್ತರಿಸಿದ ತುದಿಯಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳ ಜಾಲ ಕಾಣುತ್ತದೆ. ಉದ್ದಕ್ಕೆ ಸಮಾಂತರ ಗೆರೆ ಮಾತ್ರ, ಅದೂ ಅಳೆದಿಟ್ಟಂತೆ ಒಂದೇ ಅಂತರದಲ್ಲಿದ್ದರೆ ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್. ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ. ಕೆಲವರು ಹೇಳುವ ಕಾಯಿಸಿದ ಸೂಜಿಯ ಪರೀಕ್ಷೆ ಮಾತ್ರ ಬೇಡವೇ ಬೇಡ. ಸೆಲ್ಯುಲಾಯ್ಡ್ ಅಂದರೆ ಹಳೆಯ ನೈಟ್ರೇಟ್ ಫಿಲ್ಮಿನ ಜಾತಿಯದೇ, ಭಗ್ಗನೆ ಹೊತ್ತಿಕೊಳ್ಳುತ್ತದೆ. ದಂತವೇ ಆಗಿದ್ದರೆ ಆಸೆ ಬಿಡು; ಆನೆದಂತ ಅಂತ ಗೊತ್ತಿದ್ದೂ ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಒಂದು ಕಡೆ, ಅರಣ್ಯ ಇಲಾಖೆ ಇನ್ನೊಂದು ಕಡೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೆಲ್ಯುಲಾಯ್ಡ್ ಕೊಳೆಯಲು ಶುರುವಾದಾಗ ಆಮ್ಲದ ಆವಿ ಬಿಡುತ್ತದೆ. ಗುರುತುಗಳು ಹೀಗಿವೆ: ಮೂಗಿಗೆ ಹತ್ತುವ ಹುಳಿ ವಾಸನೆ, ಮೈಮೇಲೆ ಬೆವರಿನಂಥ ಹನಿ, ಒಳಗಿನಿಂದ ಚೌಕಚೌಕವಾಗಿ ಬಿರುಕು, ಪಕ್ಕದ ಹಿತ್ತಾಳೆಗೆ ಹಸಿರು ಕಿಲುಬು. ಇವುಗಳಲ್ಲಿ ಒಂದಿದ್ದರೂ ಕೊಳ್ಳಬೇಡ. ಚೆನ್ನಾಗಿದ್ದರೂ ಗಾಳಿಯಾಡದ ಡಬ್ಬಿಗೆ ಹಾಕಬೇಡ, ತನ್ನದೇ ಆವಿಯಲ್ಲಿ ಬೇಗ ಸಾಯುತ್ತದೆ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಬೇರೆ ಕೋಣೆಯಲ್ಲಿ, ಅಡುಗೆಮನೆಯಿಂದ ದೂರ ಇಡು. ನಿಲುವಂಗಿ, ಫೋಟೋಗಳ ಜೊತೆ ಒಂದೇ ಬೀರುವಿನಲ್ಲಿ ಇಡಲೇಬೇಡ. ನುಸಿಗುಳಿಗೆಯನ್ನೂ ಹತ್ತಿರ ತರಬೇಡ, ಅದರ ಆವಿ ಹಳೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.

ಇನ್ನು ಮನೆಯ ಏರ್ಪಾಡು. ಗಾಳಿಯ ತೇವ ಶೇಕಡ 65 ದಾಟಿ ನಿಂತರೆ ಬೂಸ್ಟು ಬರುತ್ತದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ನಿನ್ನ ಗುರಿ 45ರಿಂದ 55. ಮೊದಲು ತೇವ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ಕೊಂಡು ಅದನ್ನೇ ಪರೀಕ್ಷಿಸು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಷ್ಟು, ಒದ್ದೆ ಮರಳಿನ ಹದಕ್ಕೆ ನೀರು ತೊಟ್ಟಿಕ್ಕಿಸು. ಮೀಟರಿನ ಜೊತೆ ಅದನ್ನು ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಡು. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ಇನ್ನು ಮುಂದೆ ಅದರ ಲೆಕ್ಕಕ್ಕೆ ಐದು ಸೇರಿಸಿಕೋ.

ಫೋಟೋಗ್ರಾಫರುಗಳು ಕ್ಯಾಮೆರಾ ಇಡುವ ಡ್ರೈ ಕ್ಯಾಬಿನೆಟ್ ಒಳ್ಳೆಯದೇ, ಆದರೆ ಜುಲೈನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ನಿನಗೂ ಗೊತ್ತು. ಅದಕ್ಕೇ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿ ಮತ್ತು ಸಿಲಿಕಾ ಜೆಲ್ ಇರಲೇಬೇಕು. ಮ್ಯೂಸಿಯಂಗಳ ರೂಢಿ ಲೆಕ್ಕ ಘನ ಮೀಟರಿಗೆ 20 ಕಿಲೋ, ಅಂದರೆ 20 ಲೀಟರ್ ಡಬ್ಬಿಗೆ 400 ಗ್ರಾಂ. ಇಲ್ಲಿ ಎಲ್ಲರೂ ಎಡವುವ ಕಡೆ ಒಂದಿದೆ. ಆ ಲೆಕ್ಕ ಹದ ಮಾಡಿದ ಜೆಲ್‌ಗೆ. ಓವನ್ನಿನಿಂದ ತೆಗೆದ ಒಣ ಜೆಲ್ಲನ್ನು ಅಷ್ಟು ಹಾಕಿದರೆ ತೇವ 30ಕ್ಕಿಂತ ಕೆಳಗಿಳಿದು ಫೋಟೋ ಸುರುಳಿಯಾಗುತ್ತದೆ, ತೊಗಲು ಬಿರಿಯುತ್ತದೆ. ಹುತ್ತರಿ ಹಬ್ಬ ಕಳೆದ ಮೇಲೆ, ಜನವರಿ ಫೆಬ್ರವರಿಯಲ್ಲಿ, ಕೋಣೆಯ ಮೀಟರು 50ರ ಆಸುಪಾಸು ತೋರಿಸುವ ದಿನಗಳಲ್ಲಿ ಜೆಲ್ಲನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸಿ, ನಾಲ್ಕೈದು ದಿನ ಬಿಟ್ಟರೆ ಹದಕ್ಕೆ ಬರುತ್ತದೆ. ನೀಲಿ ಮಣಿಯಲ್ಲಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದನ್ನೇ ತಗೋ. ಮಳೆಗಾಲದಲ್ಲಿ ತೇವ ಹೀರಿ ಸೋತದ್ದನ್ನು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿ, ಮೇಲೆ ಹೇಳಿದಂತೆ ಹದಕ್ಕೆ ತಂದ ಮೇಲೆ ಮತ್ತೆ ಬಳಸಬಹುದು.

ಡಬ್ಬಿಗಳನ್ನು ಮೇ ತಿಂಗಳ ಮೊದಲೇ ಮುಚ್ಚು. ಕಾಫಿ ಅರಳಿಸುವ ಹೂಮಳೆ ಬಿದ್ದ ವಾರವೂ ತೆರೆಯಬೇಡ. ಸೆಪ್ಟೆಂಬರಿನ ಕೈಲ್ ಮುಹೂರ್ತದ ಹಬ್ಬದ ಹೊತ್ತಿಗೆ ಡಬ್ಬಿಯೊಳಗಿನ ಮೀಟರನ್ನು ಹೊರಗಿನಿಂದಲೇ ನೋಡು, ತೆರೆದು ನೋಡುವುದೆಲ್ಲ ಹುತ್ತರಿ ಆದಮೇಲೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡಬೇಡ, ಹೊಗೆಯ ಕರಿ ರೇಷ್ಮೆಯಿಂದ ಹೋಗುವುದಿಲ್ಲ. ಬೀಟೆ, ತೇಗದ ಕಪಾಟಿಗಿಂತ ಕಬ್ಬಿಣದ ಬೀರು ಮೇಲು; ಮರ ಆಮ್ಲದ ಆವಿ ಬಿಡುತ್ತದೆ. ಬೀರು ಹೊರಗೋಡೆಗೆ ತಾಗಬಾರದು, ನೆಲದಿಂದ ಅರ್ಧ ಅಡಿ ಮೇಲಿರಲಿ. ನಿಲುವಂಗಿ ಸುತ್ತಿಡಲು ಆಮ್ಲರಹಿತ ಟಿಶ್ಯೂ ಸಿಗದಿದ್ದರೆ ಬಿಳಿ ಮಲ್ ಬಟ್ಟೆಯನ್ನು ಗಂಜಿ, ಸುವಾಸನೆ ಏನೂ ಹಾಕದೆ ಎರಡು ಸಲ ಕುದಿಸಿ ಒಣಗಿಸಿ ಬಳಸು. ಫೋಟೋಗೆ ಪಾಲಿಯೆಸ್ಟರ್ ಚೀಲ ಸಾಕು. ಲ್ಯಾಮಿನೇಷನ್ ಮಾಡಿಸಿದರೆ ಆ ಫೋಟೋ ಸತ್ತಂತೆ.

ತರಿಸುವ ಕಾಲವೂ ಮುಖ್ಯ. ಅಕ್ಟೋಬರ್ ಕಳೆದ ಮೇಲೆ ಕಳಿಸಲು ಹೇಳು, ಪಾರ್ಸೆಲ್ ಬಂದಮೇಲೆ ಒಂದು ದಿನ ಬಿಚ್ಚದೆ ಬಿಡು. ಬಟ್ಟೆಗೆ ನುಸಿಯ ಅನುಮಾನವಿದ್ದರೆ ಪಾಲಿಥೀನಿನಲ್ಲಿ ಬಿಗಿಯಾಗಿ ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು, ಹೊರಗೆ ತೆಗೆದ ಮೇಲೆ ಪೂರ್ತಿ ಒಂದು ದಿನ ಕವರ್ ತೆಗೆಯಬೇಡ. ಕಸ್ಟಮ್ಸ್ ಫಾರಂನಲ್ಲಿ ಬೆಲೆ ಕಡಿಮೆ ತೋರಿಸಲು ಒಪ್ಪಬೇಡ. ಕಳೆದುಹೋದರೆ ವಿಮೆಯವರು ಕೊಡುವುದು ಬರೆದಷ್ಟೇ. ‘ಹಳೆ ಬಟ್ಟೆ’ ಎಂದು ಬರೆದರೆ ಆಮದಿಗೆ ನಿರ್ಬಂಧವಿರುವ ಸರಕೆಂದು ತಡೆಯಬಹುದು. ಬೆಂಗಳೂರಿನ ಒಬ್ಬ ಕಸ್ಟಮ್ಸ್ ಏಜೆಂಟರನ್ನು ಮೊದಲೇ ಕೇಳಿ ವಿವರ ಹೇಗೆ ಬರೆಸಬೇಕೆಂದು ತಿಳಿದುಕೋ. ದಾಖಲೆಗಳ ಒಂದು ಪ್ರತಿ ಜಿಲ್ಲೆಯ ಹೊರಗೆ ಯಾರ ಬಳಿಯಾದರೂ ಇರಲಿ. 2018ರ ಆಗಸ್ಟಿನ ಮಳೆ, ಭೂಕುಸಿತ ನಮ್ಮ ಕಣ್ಣಮುಂದೆಯೇ ಇದೆ.

ದುಡ್ಡು ಇದಕ್ಕೆ ಸಾಲದಾದರೆ ನಮ್ಮ ಮೂಕಿ ಚಿತ್ರಗಳ ಕಡೆ ತಿರುಗು ಎಂಬುದು ನನ್ನ ಆಸೆ. ಸುಲೋಚನಾ ಎಂದು ಹೆಸರಾದ ರೂಬಿ ಮೈಯರ್ಸ್ ಆ ಕಾಲಕ್ಕೆ ದೇಶದ ಅತಿ ಹೆಚ್ಚು ಸಂಬಳದ ತಾರೆಯರಲ್ಲಿ ಒಬ್ಬರು. ಅವರ ಪತ್ರ, ಕರಾರು, ಕರಪತ್ರಗಳನ್ನು ಹುಡುಕುವವರೇ ಕಡಿಮೆ. ನಮ್ಮ ಮೂಕಿ ಚಿತ್ರಗಳ ರೀಲುಗಳೇ ಬಹುಪಾಲು ನಾಶವಾಗಿವೆ, ಹಾಗಾಗಿ ಒಂದು ಹಳೇ ಕರಪತ್ರವೂ ಅಲ್ಲಿ ಸಾಕ್ಷಿ. 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, ದಾಖಲೆಗಳು 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತವೆ, ದೇಶದಿಂದಾಚೆ ಮಾರುವಂತಿಲ್ಲ ಎಂಬುದು ನೆನಪಿರಲಿ.

ಸದ್ಯಕ್ಕೆ ಇವುಗಳ ಫೋಟೋ, ವಿವರ ಕಳಿಸಲು ಮಾರುವವನಿಗೆ ಬರೆ: ನಿಲುವಂಗಿಯ ಒಳಗಿನ ಪಟ್ಟಿ ಮತ್ತು ಹೊಲಿಗೆಯ ಎರಡೂ ಬದಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು; ಬ್ರಷ್ಷಿನ ಹಿಡಿಯ ತುದಿ, ಓರೆ ಬೆಳಕಿನಲ್ಲಿ; ಫೋಟೋದ ಹಿಂಭಾಗ; ಬ್ರಷ್ಷಿಗೆ ವಾಸನೆ ಇದೆಯೇ; 1926ರಿಂದ ಇವತ್ತಿನವರೆಗಿನ ಮಾಲೀಕರ ಹೆಸರು ಮತ್ತು ವರ್ಷ. ಉತ್ತರ ಬಂದಾಗ ಫೋಟೋಗಳನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು. ಹಾಗೇ ಹಾಕಿದರೆ ಕುಗ್ಗಿಸಿಬಿಡುತ್ತದೆ, ನೂಲಿನ ಎಳೆ ಕಾಣುವುದಿಲ್ಲ.

ನಿನ್ನ ಗೆಳೆಯ