ಪ್ರೈಮರಿಯಲ್ಲಿ ಮತ ಹಾಕಿದವರೆಷ್ಟು?

ಮಾನ್ಯರೇ,

ಅಮೆರಿಕದಲ್ಲಿ ಮೆದು ನಿಲುವಿನ ಹಿರಿಯ ನಾಯಕರು ಪಕ್ಷದ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆಯಲ್ಲೇ, ಸೋತಾಗ, ಅಲ್ಲಿ ಎಷ್ಟು ಜನ ಮತ ಹಾಕಿದರು ಎಂಬುದು ನಮ್ಮ ಸುದ್ದಿಗಳಲ್ಲಿ ಇರುವುದೇ ಅಪರೂಪ. 2012ರಲ್ಲಿ ಇಂಡಿಯಾನಾ ರಾಜ್ಯದ ಪ್ರೈಮರಿ ನೋಡಿ. ರಿಪಬ್ಲಿಕನ್ ಪಕ್ಷದ ರಿಚರ್ಡ್ ಲೂಗರ್ ಅಲ್ಲಿ 36 ವರ್ಷ ಸೆನೆಟರ್ ಆಗಿದ್ದವರು. ಸೋವಿಯತ್ ಅಣ್ವಸ್ತ್ರಗಳನ್ನು ಕಳಚಿಸಲು ಡೆಮಾಕ್ರಟ್ ಸ್ಯಾಮ್ ನನ್ ಜೊತೆ ಕೈಜೋಡಿಸಿದವರು. ಎದುರು ಪಕ್ಷದವರ ಜೊತೆ ಕೂತು ಮಾತಾಡುವುದೂ ತಪ್ಪಾಗಿ ಕಂಡಿತು, ನೋಡಿ! ಕಟ್ಟರ್ ನಿಲುವಿನ ರಿಚರ್ಡ್ ಮರ್ಡಾಕ್ ಗೆದ್ದರು. ಆ ದಿನ ಬಿದ್ದ ಮತ ಸುಮಾರು 6.6 ಲಕ್ಷ. ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಅದು 25 ಲಕ್ಷ ದಾಟಿತು, ಮರ್ಡಾಕ್ ಸೋತರು, ಸೀಟು ಡೆಮಾಕ್ರಟರ ಪಾಲಾಯಿತು. ಟಿಕೆಟನ್ನು ಹೈಕಮಾಂಡ್ ಹಂಚುವ ನಮ್ಮ ಕಡೆ, ಕೆಲವೇ ಮತದಾರರು ಅಭ್ಯರ್ಥಿಯನ್ನು ತೀರ್ಮಾನಿಸುವ ಈ ಲೆಕ್ಕ ಸುಲಭಕ್ಕೆ ಹೊಳೆಯುವುದಿಲ್ಲ. ಇನ್ನು ಮುಂದೆ ಪ್ರೈಮರಿ ಸುದ್ದಿಯ ಜೊತೆ ಮತದಾರರ ಸಂಖ್ಯೆಯನ್ನೂ ಕೊಡಿ.

– ಒಬ್ಬ ಓದುಗ, ಧಾರವಾಡ