ಉದ್ದಿಮೆ ಪರವಾನಗಿ: ದೂರು ಬರುವ ತನಕ ಕಾಯಬೇಡಿ

ತುಮಕೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ,

ಮಾನ್ಯರೇ,

ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976ರ 353ನೇ ಪ್ರಕರಣದಡಿ ಹೋಟೆಲ್, ಬೇಕರಿ, ಹಿಟ್ಟಿನ ಗಿರಣಿ, ವೆಲ್ಡಿಂಗ್ ಶಾಪ್‌ನಂಥ ಉದ್ದಿಮೆಗಳಿಗೆ ಪಾಲಿಕೆಯ ಪರವಾನಗಿ ಬೇಕು. ಆದರೆ ತಪಾಸಣೆ ಹೆಚ್ಚಾಗಿ ನಡೆಯುವುದು ಅಕ್ಕಪಕ್ಕದವರು ಅರ್ಜಿ ಕೊಟ್ಟ ಮೇಲೆ, ಇಲ್ಲವೇ ನವೀಕರಣಕ್ಕೆ ತಾವಾಗಿಯೇ ಬಂದವರ ಅಂಗಡಿಯಲ್ಲಿ. ಪರವಾನಗಿಯನ್ನೇ ಪಡೆಯದವರ ಕಡತವೇ ಇರುವುದಿಲ್ಲ, ಹಾಗಾಗಿ ಅವರ ಬಾಗಿಲಿಗೆ ಯಾರೂ ಹೋಗುವುದಿಲ್ಲ. ನಿಯಮ ಪಾಲಿಸಿದವರಿಗೇ ಕಾಟ ಎಂದು ಮಂಡಿಪೇಟೆಯಲ್ಲಿ ಯಾರಾದರೂ ಗೊಣಗಿದರೆ ತಪ್ಪು ಹೇಳುವಂತಿಲ್ಲ.

ಹೊಸ ಸಮೀಕ್ಷೆ ಬೇಕಿಲ್ಲ. ವಾಣಿಜ್ಯ ಕಟ್ಟಡಗಳ ಆಸ್ತಿ ತೆರಿಗೆ ಪಟ್ಟಿ ನಿಮ್ಮ ಕಂದಾಯ ಶಾಖೆಯಲ್ಲೇ ಇದೆ. ವಾಣಿಜ್ಯ ವಿದ್ಯುತ್ ಸಂಪರ್ಕಗಳ ಪಟ್ಟಿಯನ್ನು ಬೆಸ್ಕಾಂನಿಂದ ಕೇಳಿ ಪಡೆಯಿರಿ. ಎರಡನ್ನೂ ಪರವಾನಗಿ ಪಟ್ಟಿಯ ಪಕ್ಕದಲ್ಲಿಟ್ಟು ವಾರ್ಡುವಾರು ತಾಳೆ ನೋಡಿದರೆ ಬಿಟ್ಟುಹೋದವು ಎದ್ದು ಕಾಣುತ್ತವೆ. ಹೆಸರು ನೋಡಿ ತಾಳೆ ಹಾಕಲು ಹೋಗಬೇಡಿ: ಮೀಟರ್ ಮಾಲೀಕರ ಹೆಸರಲ್ಲಿ, ಪರವಾನಗಿ ಹಳೆಯ ಬಾಡಿಗೆದಾರನ ಹೆಸರಲ್ಲಿ, ಬೋರ್ಡು ಇನ್ನೊಬ್ಬರದು. ಆಸ್ತಿಯ ಗುರುತಿನ ಸಂಖ್ಯೆಯೇ ಆಧಾರವಾಗಲಿ. ಒಂದೇ ಸಂಖ್ಯೆಯಡಿ ನಾಲ್ಕು ಮಳಿಗೆ ಇರುವ ಕಟ್ಟಡಗಳಲ್ಲಿ ಮಾತ್ರ ಸ್ಥಳಕ್ಕೇ ಹೋಗಿ ಎಣಿಸಬೇಕು.

ಸ್ಥಳಕ್ಕೆ ಹೋದವರು ಕಾಗದ ಕೇಳಿ ವಾಪಸಾಗಬಾರದು. ಹೋಟೆಲಿನಲ್ಲಿ ಮೊದಲು ಸಿಲಿಂಡರ್ ಎಣಿಸಲಿ. ವಾಣಿಜ್ಯ ಸಿಲಿಂಡರ್‌ನಲ್ಲಿ 19 ಕಿಲೋ ಅನಿಲ. ಐದು ತುಂಬಿದವಿದ್ದರೆ 95 ಕಿಲೋ. ಆರನೆಯದು ಬಂದರೆ 114 ಕಿಲೋ, ಅಂದರೆ ಪ್ರತ್ಯೇಕ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ 100 ಕಿಲೋ ಮಿತಿ ದಾಟಿತು. 14.2 ಕಿಲೋದ ಮನೆಬಳಕೆಯ ಸಿಲಿಂಡರ್ ಕಂಡರೆ ಅದನ್ನು ಆಹಾರ ಇಲಾಖೆಗೆ ತಿಳಿಸಬೇಕು. ಆಮೇಲೆ ಪಾತ್ರೆ ತೊಳೆಯುವ ಜಾಗ. ಜಿಡ್ಡು ತಡೆಯುವ ಗುಂಡಿ ಇಲ್ಲದಿದ್ದರೆ ಎಣ್ಣೆ ಒಳಚರಂಡಿ (ಯುಜಿಡಿ) ಪೈಪಿನೊಳಗೆ ತಣ್ಣಗಾಗಿ ಹೆಪ್ಪುಗಟ್ಟುತ್ತದೆ, ಮುಂದಿನ ಮ್ಯಾನ್‌ಹೋಲ್ ಉಕ್ಕುತ್ತದೆ. ಕ್ಯಾತ್ಸಂದ್ರದ ಇಡ್ಲಿ ಹೋಟೆಲಿಗಿಂತ ಕರಿಯುವ ಅಂಗಡಿಗಳಲ್ಲಿ ಇದನ್ನು ಹೆಚ್ಚು ಗಮನಿಸಬೇಕು.

ಮೊದಲ ಭೇಟಿಯಲ್ಲಿ ದಂಡ ಬೇಡ. ಯಾವ ದಾಖಲೆ ಕಡಿಮೆಯಿದೆ, ಏನು ಸರಿಪಡಿಸಬೇಕು ಎಂಬುದನ್ನು ಕನ್ನಡದಲ್ಲಿ ಬರೆದ ನೋಟಿಸ್ ಕೊಟ್ಟು 15 ದಿನ ಬಿಡಿ. ಸ್ಥಳದಲ್ಲಿ ನಗದು ಪಡೆಯುವುದನ್ನು ಪೂರ್ತಿ ನಿಲ್ಲಿಸಿ. ಕಟ್ಟಡದ ಮಾಲೀಕ ತೆರಿಗೆ ಬಾಕಿ ಉಳಿಸಿಕೊಂಡ ಕಾರಣಕ್ಕೆ ಬಾಡಿಗೆದಾರನ ಅರ್ಜಿ ತಿರಸ್ಕರಿಸಬೇಡಿ, ಬಾಕಿಯ ನೋಟಿಸ್ ಮಾಲೀಕನಿಗೇ ಹೋಗಲಿ. ಅರ್ಧದಷ್ಟು ಅಂಗಡಿಯವರು ಇಲ್ಲೇ ಸುಸ್ತಾಗಿ ಕೈಬಿಡುತ್ತಾರೆ ಎಂದರೂ ನಂಬಬಹುದು.

ತಳ್ಳುಗಾಡಿಯವರನ್ನು ಈ ಪಟ್ಟಿಗೆ ಸೇರಿಸಬೇಡಿ. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಅದರ ಗುರುತಿನ ಚೀಟಿ ಬೇರೆ.

ಪರವಾನಗಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ತಾಳೆ ನೋಡುವ ಕೆಲಸ ಜನವರಿಯಲ್ಲೇ ಶುರುವಾದರೆ ಏಪ್ರಿಲ್‌ನಲ್ಲಿ ಬೀದಿಗಿಳಿಯಬಹುದು. ದೀಪಾವಳಿ ಹೊತ್ತಿಗೆ ಅಂಗಡಿಗೆ ಬಂದು ನಿಲ್ಲುವ ತಪಾಸಣೆಯನ್ನು ವ್ಯಾಪಾರಿಗಳು ಬೇರೆ ಹೆಸರಿನಿಂದಲೇ ಕರೆಯುತ್ತಾರೆ.

ಇಂತಿ,
ತುಮಕೂರು ನಗರದ ತೆರಿಗೆದಾರರು