ಮರ ಹಸಿಯೋ ಒಣಗಿದ್ದೋ, ಬಿಲ್‌ನಲ್ಲೇ ಬರೆಯಲಿ

ಮಾನ್ಯರೇ,

ನಾನು ತೀರ್ಥಹಳ್ಳಿ ಕಡೆ ಇಪ್ಪತ್ತೆಂಟು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ಹೋದ ಆಗಸ್ಟ್‌ನಲ್ಲಿ ಒಬ್ಬರ ಮನೆಗೆ ಮುಂಬಾಗಿಲು ಮಾಡಿಕೊಟ್ಟೆ. ತೇಗದ ಚೌಕಟ್ಟು, ನಡುವೆ ಹಲಸಿನ ಹಲಗೆ. ಮಾರ್ಚ್‌ನಲ್ಲಿ ಫೋನ್ ಬಂತು. ಹೋಗಿ ನೋಡಿದರೆ ಹಲಗೆ ಕುಗ್ಗಿದೆ. ಎರಡೂ ಅಂಚಿನಲ್ಲಿ ಪಾಲಿಶ್ ಕಾಣದ ಹಳದಿ ಗೆರೆ, ಅರ್ಧ ಉಗುರಿನಷ್ಟು ಅಗಲ. ಮನೆಯವರು ಬೈಯಲಿಲ್ಲ, ಆ ಗೆರೆಯ ಮೇಲೆ ಸುಮ್ನೆ ಬೆರಳು ಆಡಿಸಿದರು. ಬೈದಿದ್ದರೇ ವಾಸಿಯಿತ್ತು.

ಅಂಗಡಿಯವರು ಮಾರುವಾಗ ‘ವರ್ಷ ಒಣಗಿದ ಸರಕು’ ಅಂದಿದ್ದರು. ನಾನೂ ನಂಬಿದ್ದೆ, ಅದು ನನ್ನ ತಪ್ಪೇ. ಆಮೇಲೆ ತೇವ ನೋಡುವ ಪುಟ್ಟ ಮೀಟರ್ ತಂದು, ಅದೇ ಅಂಗಡಿಯ ಹೊಸ ಹಲಗೆಗೆ ಚುಚ್ಚಿದೆ. ಶೇಕಡಾ 27 ತೇವ ತೋರಿಸಿತು. ಬಾಗಿಲಿಗೆ ಬಳಸುವ ಮರದಲ್ಲಿ ಅದು 12ರ ಆಸುಪಾಸು ಇರಬೇಕು. ಒಣಗುವಾಗ ಮರ ಉದ್ದಕ್ಕೆ ಕುಗ್ಗುವುದಿಲ್ಲ ಅಂತಲೇ ಹೇಳಬಹುದು, ಅಗಲಕ್ಕೆ ಕುಗ್ಗುತ್ತದೆ. ಏಟು ಬೀಳುವುದು ಅಗಲದ ಹಲಗೆಗೇ. ನಮ್ಮಪ್ಪನ ಕಾಲದಲ್ಲಿ ದಿಮ್ಮಿಯನ್ನು ಕೆರೆಗೆ ಹಾಕಿ, ತೆಗೆದು ಕೊಯ್ದು, ಮತ್ತೆ ನೆರಳಲ್ಲಿ ಒಣಗಿಸುತ್ತಿದ್ದರು. ಈಗ ಅಷ್ಟು ಕಾಯುವ ತಾಳ್ಮೆ ಮನೆ ಕಟ್ಟಿಸುವವರಿಗೂ ಇಲ್ಲ ಬಿಡಿ.

ಹೆಸರಿನ ಕಥೆಯೂ ಇಷ್ಟೇ. 2014ರಿಂದ ಮ್ಯಾನ್ಮಾರ್, ಅಂದರೆ ಹಳೆಯ ಬರ್ಮಾ, ತೇಗದ ದಿಮ್ಮಿ ಹೊರಗೆ ಕಳಿಸುವುದನ್ನೇ ನಿಲ್ಲಿಸಿದೆ. ಆದರೂ ದಿಮ್ಮಿ ತೋರಿಸಿ ‘ಬರ್ಮಾ ತೇಗ ಸಾರ್, ಈಗ ತಾನೇ ಬಂದಿದೆ’ ಅನ್ನುವವರು ಇದ್ದಾರೆ. ಆಫ್ರಿಕಾದಿಂದ, ದಕ್ಷಿಣ ಅಮೆರಿಕದಿಂದ ಬರುವ ತೇಗ ಕೆಟ್ಟದ್ದೇನಲ್ಲ. ಅದನ್ನು ಅದರ ಹೆಸರಲ್ಲೇ ಮಾರಬಹುದು, ಅಲ್ವಾ?

ಒಂದು ಗ್ರಾಂ ಚಿನ್ನದ ಉಂಗುರಕ್ಕಿಲ್ಲದಿದ್ದರೂ ದೊಡ್ಡ ಒಡವೆಗೆ ಹಾಲ್‌ಮಾರ್ಕ್ ಬೇಕು ಅಂತ 2021ರಲ್ಲಿ ಕಡ್ಡಾಯ ಮಾಡಿದರು. ಲಕ್ಷ ರೂಪಾಯಿಯ ಮರಕ್ಕೆ ಸಿಗುವುದು ‘ಮರ, ಇಷ್ಟು ಸಿಎಫ್‌ಟಿ (ಘನ ಅಡಿ)’ ಅಂತ ಬರೆದ ಚೀಟಿ. ಯಾವ ಜಾತಿ, ಎಲ್ಲಿಯದು, ತೇವ ಎಷ್ಟು, ಈ ಮೂರು ಮಾತು ಬಿಲ್‌ನಲ್ಲಿ ಇರಲೇಬೇಕು ಅಂತ ಸರ್ಕಾರ ನಿಯಮ ಮಾಡಲಿ. ಮರದ ಜಾತಿ ಬಗ್ಗೆ ತಕರಾರು ಬಂದರೆ ಪರೀಕ್ಷೆ ಮಾಡಿ ಹೇಳುವ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ.

ಆ ಬಾಗಿಲಿಗೆ ಬೇರೆ ಹಲಗೆ ನನ್ನ ಖರ್ಚಲ್ಲೇ ಹಾಕಿಕೊಡುತ್ತೇನೆ. ಅವು ಈಗ ನಮ್ಮ ಅಟ್ಟದ ಮೇಲೆ, ನಡುವೆ ರೀಪು ಇಟ್ಟುಕೊಂಡು ಒಣಗುತ್ತಿವೆ. ನಿನ್ನೆ ಮೀಟರ್ 16 ತೋರಿಸಿತು.

– ಒಬ್ಬ ಬಡಗಿ, ತೀರ್ಥಹಳ್ಳಿ ತಾಲ್ಲೂಕು